ಬಿಪಿ ಮಷೀನ್ ಆಯ್ಕೆ ಸಮಿತಿ

ಆಸ್ಪತ್ರೆಗಳು ಯಾವ ಉಪಕರಣ ಕೊಳ್ಳಬೇಕು, ಯಾವುದು ದಂಡ ಎಂದು ಪರಿಶೀಲಿಸಿ ವರದಿ ಬರೆಯುವುದು ನನ್ನ ಉದ್ಯೋಗ. ಹೀಗಾಗಿ, ಕಣ್ಣಿನ ಪೊರೆಯ ಆಪರೇಷನ್‌ಗೆ ಮೊದಲು ಅಪ್ಪನ ಬಿಪಿಯನ್ನು ಮನೆಯಲ್ಲೇ ನೋಡುತ್ತಿರಿ, ಹೆಚ್ಚಿದ್ದರೆ ಮುಂದಕ್ಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದಾಗ, ಮಷೀನು ಆರಿಸುವ ಹೊಣೆ ಸಹಜವಾಗಿ ನನ್ನದಾಯಿತು. ಅಪ್ಪ ಎಷ್ಟೋ ತಿಂಗಳಿಂದ ಪೇಪರಿನ ಹೆಡ್‌ಲೈನ್ ಮಾತ್ರ ಓದುತ್ತಿದ್ದರು.

"ಮೆಡಿಕಲ್ ಸ್ಟೋರಲ್ಲಿ ಕೇಳಿದ್ರೆ ಒಂದು ಕೊಡ್ತಾರೆ ಕಣೆ," ಎಂದರು ಅಮ್ಮ.

ನನಗೆ ಕನಿಕರವಾಯಿತು. ಹೋಲಿಸಿ ನೋಡದೆ ಖರೀದಿಯೇ!

ಜೆ.ಪಿ. ನಗರದ ನಮ್ಮ ರಸ್ತೆಯಲ್ಲಿ ಬಿಪಿ ಮಷೀನಿಲ್ಲದ ಮನೆ ನಮ್ಮದೊಂದೇ ಇರಬೇಕು. ಭಾನುವಾರ ಅಕ್ಕಪಕ್ಕದವರ ಮಷೀನುಗಳನ್ನು ಎರವಲು ಕೇಳಿದೆ. ಅದೇ ಕುರ್ಚಿ, ಅದೇ ತೋಳು, ಅದೇ ಅಪ್ಪ. ಮಷೀನು ಮಾತ್ರ ಬೇರೆ. ವಿಧಾನದಲ್ಲಿ ಲೋಪವೇ ಇರಲಿಲ್ಲ.

ಆದರೆ ಮಷೀನುಗಳು ಮಾಲೀಕರ ಸಮೇತ ಬಂದವು. ಮೊದಲು ಎದುರು ಮನೆಯ ನಾಗರತ್ನ ಆಂಟಿ, ಆಮೇಲೆ ಮಹಡಿಯಲ್ಲಿ ಬಾಡಿಗೆಗಿರುವ ಹುಬ್ಬಳ್ಳಿಯ ಬಸವರಾಜ ಅಂಕಲ್, ಕೊನೆಗೆ ಮೂಲೆ ಮನೆಯ ಮೇಷ್ಟ್ರು. ನನಗೆ ಹರಟೆ ಬರುವುದಿಲ್ಲ. ಬಂದವರಿಗೆಲ್ಲ ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆ ಸೇರಿಕೊಂಡೆ. ಅಂಕಿ ನೋಡಲು ಮಾತ್ರ ಹೊರಗೆ ಬಂದೆ.

ಆಂಟಿಯ ಮಷೀನಿನಲ್ಲಿ ಬಿಪಿ ಸ್ವಲ್ಪ ಹೆಚ್ಚು. ಅಂಕಲ್ ತಂದಿದ್ದರಲ್ಲಿ ಇನ್ನಷ್ಟು. ಮೇಷ್ಟ್ರ ಮಷೀನಿನಲ್ಲಿ ಎಲ್ಲಕ್ಕಿಂತ ಹೆಚ್ಚು.

"ನಮ್ದು ಯಾವತ್ತೂ ತಪ್ಪು ತೋರ್ಸಲ್ಲಮ್ಮ," ಎಂದರು ಆಂಟಿ.

"ನಮ್ದೂ ಬರೋಬ್ಬರಿ ಐತ್ರಿ," ಎಂದರು ಅಂಕಲ್.

ಮಷೀನುಗಳೆಲ್ಲ ಸರಿಯಿದ್ದರೆ ಕೆಟ್ಟಿರುವುದು ಅಪ್ಪನೇ ಎಂಬ ತೀರ್ಮಾನಕ್ಕೆ ಬಂದು ಆಟೋ ಕರೆದೆ.

ಡಾಕ್ಟರು ನಿಧಾನವಾಗಿ, ಬೆಳಿಗ್ಗೆಯಿಂದ ಏನೇನು ತಗೊಂಡಿರಿ ಎಂದು ಕೇಳಿದರು.

"ಕಾಫಿ ಅಷ್ಟೇ," ಎಂದರು ಅಪ್ಪ. "ಮನೆಗೆ ಬಂದೋರನ್ನ ನೀವೊಬ್ರೇ ಕುಡೀರಿ ಅನ್ನಕ್ಕಾಗತ್ತಾ ಡಾಕ್ಟ್ರೇ? ಒಬ್ಬೊಬ್ರ ಜೊತೆ ಒಂದೊಂದು ಲೋಟ. ಮಗಳು ಡಿಕಾಕ್ಷನ್ ಗಟ್ಟಿಯಾಗೇ ಇಳಿಸಿದ್ಲು. ಮೇಷ್ಟ್ರು ನಮ್ಮ ಗೇಟ್ ಮುಂದೆ ಕಾರ್ ನಿಲ್ಸೋದೂ ಇವತ್ತೇ ಇತ್ಯರ್ಥ ಆಗ್ಬೇಕಿತ್ತು."

ಡಾಕ್ಟರು ನನ್ನನ್ನೇ ನೋಡಿದರು. ನಾನು ಗೋಡೆಯ ಮೇಲಿನ ಕಣ್ಣಿನ ಚಿತ್ರ ನೋಡಿದೆ.

ಮರುದಿನ ಬೆಳಿಗ್ಗೆ, ಕಾಫಿಗೆ ಮುಂಚೆ, ಮೇಷ್ಟ್ರಿಲ್ಲದ ಕೋಣೆಯಲ್ಲಿ, ಅವರದೇ ಮಷೀನಿನಲ್ಲಿ ನೋಡಿದರೆ ಅಪ್ಪನ ಬಿಪಿ ಸರಿಯಾಗಿತ್ತು. ಎಂಥ ನೆಮ್ಮದಿ! ಆಪರೇಷನ್ ಮೊದಲೇ ಗೊತ್ತುಮಾಡಿದ್ದ ದಿನವೇ ನಡೆಯಿತು.

ಮಷೀನನ್ನು ಅಮ್ಮ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದರು. ಚೆನ್ನಾಗಿದೆ. ಈಗ ಅಪ್ಪ ಪೇಪರನ್ನು ಮೂಲೆಯ ಜಾಹೀರಾತಿನವರೆಗೂ ಓದುತ್ತಾರೆ; ಬಿಪಿಯ ಅಂಕಿಯನ್ನೂ ತಾವೇ ನೋಡಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ನಾನು ಅಡುಗೆಮನೆಗೆ ಕಾಲಿಡುವುದನ್ನು ನಿಷೇಧಿಸಲಾಗಿದೆ.