ಕದ್ದು ನೋಡುವ ಹಕ್ಕು

ಯಾರಿಗೂ ಕಾಣದಂತಿದ್ದು ಎಲ್ಲರನ್ನೂ ನೋಡುತ್ತಿರುವ ಅಧಿಕಾರ ಇತ್ತೀಚಿನವರೆಗೂ ದೇವರೊಬ್ಬನಿಗೇ ಮೀಸಲಾಗಿತ್ತು. ಅದನ್ನು ಅವನು ಹೊಣೆಯರಿತು ಬಳಸಿದ್ದಕ್ಕೆ ನನಗಂತೂ ಪುರಾವೆ ಸಿಕ್ಕಿಲ್ಲ. ಈಗ ಆ ಅಧಿಕಾರ ಮೊಬೈಲಿನ ಸೆಟ್ಟಿಂಗ್ಸ್ ಒಳಗೆ ಒಂದು ಸಣ್ಣ ಗುಂಡಿಯ ರೂಪದಲ್ಲಿ ಕುಳಿತಿದೆ, ಬೀದರಿನ ಚಿದ್ರಿಯಲ್ಲಿ ಬಾಡಿಗೆ ಮನೆಯಲ್ಲಿರುವ ನನ್ನಂಥವಳಿಗೂ ದೊರಕುತ್ತದೆ. ಆ ಗುಂಡಿಯನ್ನು ಆರಿಸಿದರೆ ನೀವು ಸಂದೇಶ ಓದಿದಿರೆಂದು ಸಾರುವ ನೀಲಿ ಗುರುತು ಮೂಡುವುದಿಲ್ಲ. ಇನ್ನೊಬ್ಬರ ಸ್ಟೇಟಸ್ ನೋಡಿದರೂ ನೋಡಿದವರ ಸಾಲಿನಲ್ಲಿ ನಿಮ್ಮ ಹೆಸರು ಬರುವುದಿಲ್ಲ. ನಾನು ಆರಿಸಿದೆ. ಆರಿಸುವುದಕ್ಕೆ ನನ್ನ ಬಳಿ ತತ್ತ್ವವಿತ್ತು. ತತ್ತ್ವವಿಲ್ಲದೆ ನಾನು ಮನೆಯ ಫ್ಯಾನನ್ನೂ ಆರಿಸುವವಳಲ್ಲ.

ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ರಜೆಯ ದಿನಗಳಲ್ಲಿ ಬೀದರ, ಭಾಲ್ಕಿ, ಔರಾದಗಳ ಹೆಣ್ಣುಮಕ್ಕಳಿಗೆ ಮೊಬೈಲಿನ ಖಾಸಗಿತನದ ಬಗ್ಗೆ ಶಿಬಿರ ನಡೆಸುತ್ತೇನೆ. ಅನ್ಯಾಯವನ್ನು ಅದರ ಹೆಸರಿನಿಂದಲೇ ಕರೆಯಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಹೆಂಡತಿ ಮಧ್ಯಾಹ್ನ ಯಾಕೆ ಆನ್‌ಲೈನ್ ಇದ್ದಳೆಂದು ವಿಚಾರಣೆ ನಡೆಸುವ ಗಂಡ ಪುರುಷಾಧಿಪತ್ಯ. ನಮ್ಮ ಬೆರಳು ಯಾವ ಮಿಕ್ಸರಿನ ಚಿತ್ರದ ಮೇಲೆ ತಡೆಯಿತೆಂದು ನೆನಪಿಟ್ಟು, ಮರುದಿನ ಅದೇ ಮಿಕ್ಸರನ್ನು ಕಣ್ಣ ಮುಂದೆ ಕುಣಿಸುವ ಕಂಪನಿ ಕಣ್ಗಾವಲಿನ ಬಂಡವಾಳಶಾಹಿ. ಮುಂಜಾನೆ ಅನುಮತಿ ಕೇಳದೆ ದೇವರನ್ನು ಗುಲಾಬಿ ಹೂವಿನ ಮೇಲೆ ಕೂರಿಸಿ ಕಳಿಸಿ, ‘ನೋಡಿಯೂ ಕೈ ಮುಗಿಯಲಿಲ್ಲ’ ಎಂದು ಮುನಿಯುವ ನಿವೃತ್ತ ದೊಡ್ಡಪ್ಪ ಊಳಿಗಮಾನ್ಯ ವ್ಯವಸ್ಥೆ. ಈ ಮೂವರ ವಿರುದ್ಧವೂ ಒಂದೇ ಗುಂಡಿಯಿಂದ ಹೋರಾಡಬಹುದೆಂಬುದು ನನಗೆ ಬಹಳ ಹಿಡಿಸಿತು. ನಾನು ಇನ್ನು ಮೇಲೆ ಯಾರಿಗೂ ಕಾಣಿಸುವುದಿಲ್ಲವೆಂದು ಮನೆಯಲ್ಲಿ ಘೋಷಿಸಿದಾಗ, ಭಾಲ್ಕಿಯ ಮರಾಠಿ-ಕನ್ನಡದ ಮನೆಯಲ್ಲಿ ಬೆಳೆದ, ಮಾತು ಕಡಿಮೆಯ ನನ್ನ ಗಂಡ ಪತ್ರಿಕೆಯಿಂದ ತಲೆಯೆತ್ತದೆ, “ಕಾಣಿಸಲಿಲ್ಲಂದ್ರೂ ನಡೀತದ ಬಿಡು, ಕೇಳಸ್ತೀ ಅಲ್ಲ” ಎಂದರು.

ಶಿಬಿರದಲ್ಲಿ ನಾನು ಮೂರು ಪಾಠ ಹೇಳಿಕೊಡುತ್ತೇನೆ. ಕೊನೆಯ ಬಾರಿ ಕಾಣಿಸಿಕೊಂಡ ಸಮಯವನ್ನು ಮರೆಮಾಡುವುದು, ನೀಲಿ ಗುರುತನ್ನು ಆರಿಸುವುದು, ಮತ್ತು ಸ್ಟೇಟಸ್ಸನ್ನು ನಾವು ಆಯ್ದವರಿಗೆ ಮಾತ್ರ, ಬೇಕೆಂದರೆ ಒಬ್ಬರಿಗೆ ಮಾತ್ರ, ತೋರಿಸುವುದು. ಭಾಲ್ಕಿಯ ಶಿಬಿರದಲ್ಲಿ ಒಬ್ಬ ಹುಡುಗಿ ಎದ್ದು, “ಬಂದ್ ಮಾಡೂದು ಈಜಿ ಅದರಿ ಮೇಡಂ. ಬಂದ್ ಯಾಕ ಮಾಡಿದಿ ಅಂತ ಮನ್ಯಾಗ ಕೇಳ್ತಾರಲ್ರಿ, ಅದಕ್ಕ ಯಾವ ಬಟನ್ ಒತ್ತಬೇಕ್ರಿ?” ಎಂದು ಕೇಳಿದಳು. ಅದಕ್ಕೆ ನಾನು ಸಂವಿಧಾನದ ಮೂಲಭೂತ ಹಕ್ಕುಗಳನ್ನು ವಿವರಿಸಿದೆ. ಅವಳು ಸಭ್ಯಳಾದ್ದರಿಂದ ಕುಳಿತಳು. ಅವಳ ಪಕ್ಕದಲ್ಲಿದ್ದ ಹುಡುಗಿ ಮಾತ್ರ ಮೂರನೆಯ ಪಾಠವನ್ನು ಮೊಬೈಲಿನಲ್ಲಿ ಎರಡೆರಡು ಸಲ ಮಾಡಿ ನೋಡುತ್ತಿದ್ದಳು. ಅವಳು ಪಲ್ಲವಿ; ನನ್ನ ನಾದಿನಿ ಕಮಲಾಳ ಮಗಳು, ಔರಾದಕ್ಕೆ ಮದುವೆಯಾಗಿ ಹೋದವಳು, ತವರಿಗೆಂದು ಬಂದಿದ್ದಾಗ ನನ್ನ ಶಿಬಿರಕ್ಕೂ ಬಂದಿದ್ದಳು. ನನ್ನ ಕಥೆಯ ಗಾಯಾಳು ಅವಳೇ.

ಮೊದಲು ಅವಳ ತಾಯಿಯ ವಿಷಯ ಹೇಳಬೇಕು. ಭಾಲ್ಕಿಯ ಕಮಲಾ ನಮ್ಮ ಬಳಗದಲ್ಲಿ ಆಮಂತ್ರಣದ ಪದ್ಧತಿಯನ್ನೇ ಬದಲಿಸಿದವಳು. ಮನೆಮನೆಗೆ ಹೋಗಿ ಕರೆಯುವುದು, ಕರೆದಾಗ ಅವರು ಕೊಟ್ಟ ಚಹಾ ಕುಡಿಯುವುದು, ಕುಡಿಯದ ಮನೆಯವರು ಮುನಿಯುವುದು ಇವನ್ನೆಲ್ಲ ಅವಳು ಒಂದೇ ಏಟಿಗೆ ರದ್ದು ಮಾಡಿದ್ದಾಳೆ. ಸ್ಟೇಟಸ್ಸಿನಲ್ಲಿ ದಿನ, ಹೊತ್ತು ಹಾಕುತ್ತಾಳೆ; ಸಂಜೆ ಕುಳಿತು ಯಾರ್ಯಾರು ನೋಡಿದ್ದಾರೆಂದು ಓದುತ್ತಾಳೆ. ನೋಡಿದವರೆಲ್ಲ ಕರೆಸಿಕೊಂಡವರು. ಅವರ ಪಾಲಿನ ರೊಟ್ಟಿಗೆ ಹಿಟ್ಟು ತೆಗೆಯುತ್ತಾಳೆ. ನೋಡಿಯೂ ಬಾರದವರನ್ನು ಮರೆಯುವುದಿಲ್ಲ. “ಕಣ್ಣಿಲೆ ನೋಡ್ಯಾರ, ಕಾಲಿಗೇನಾಗ್ಯಾದ?” ಎಂದು ಕೇಳುತ್ತಾಳೆ. ಜಗತ್ತಿನ ಯಾವ ನ್ಯಾಯಾಲಯವೂ ಇಷ್ಟು ಬೇಗ ಸಾಕ್ಷ್ಯ ಕಲೆಹಾಕಿರಲಾರದು.

ನೀಲಿ ಗುರುತು ಆರಿಸಿದ ನಾನು ಕಮಲಾಳ ಸಾಲಿನಿಂದ ಮಾಯವಾದೆ. ತತ್ತ್ವಕ್ಕಾಗಿ ಮಾಡಿದ ಕೆಲಸದಿಂದ ಲಾಭವೂ ಬರತೊಡಗಿದರೆ ಮನುಷ್ಯ ತತ್ತ್ವವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ. ಗ್ರಹಶಾಂತಿ, ಗೃಹಶಾಂತಿ, ಹೊಸ ಇನ್ವರ್ಟರಿನ ಆರತಿ, ಎಲ್ಲದರಿಂದಲೂ ನಾನು ಪಾರಾದೆ. “ಸ್ಟೇಟಸ್ ನೋಡಲಿಲ್ಲ ಕಮಲಾ, ನಾನು ಇವೆಲ್ಲ ನೋಡೂದೇ ಇಲ್ಲ” ಎಂದರೆ ಮುಗಿಯಿತು. ನಿಜ ಹೇಳಬೇಕೆಂದರೆ, ಬೀದರ ಜಿಲ್ಲೆಯಲ್ಲಿ ನನ್ನಷ್ಟು ಶ್ರದ್ಧೆಯಿಂದ ಸ್ಟೇಟಸ್ ನೋಡುವವರು ಇನ್ನೊಬ್ಬರಿರಲಿಲ್ಲ. ಯಾರ ಮನೆಯ ಪಡಸಾಲೆಗೆ ಯಾವ ಬಣ್ಣ ಬಂತು, ಯಾರ ಸೊಸೆ ಫೋಟೋದಲ್ಲಿ ಅತ್ತೆಯಿಂದ ಎಷ್ಟು ದೂರ ನಿಂತಳು, ದೊಡ್ಡಪ್ಪ ದೇವರ ನಂತರ ಹಾಕುವ ರಾಜಕೀಯದ ಸುಳ್ಳು ಇಂದು ಯಾವುದು, ಎಲ್ಲವೂ ನನಗೆ ಗೊತ್ತಿರುತ್ತಿತ್ತು. ಇದನ್ನು ನಾನು ಕ್ಷೇತ್ರಕಾರ್ಯವೆಂದು ಕರೆದುಕೊಂಡೆ. ಸಮಾಜಶಾಸ್ತ್ರದಲ್ಲಿ ಇದೊಂದು ಅನುಕೂಲ. ಇಣುಕುವುದಕ್ಕೆ ಗೌರವದ ಹೆಸರಿದೆ.

ಪಲ್ಲವಿಯ ಸ್ಟೇಟಸ್ಸುಗಳು ಶುರುವಾದದ್ದು ಆಗಲೇ. ಅವಳಿಗೆ ಸಂತಪುರದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ರಜೆ ಮುಗಿದ ಕೂಡಲೇ ಸೇರಬೇಕು. ಔರಾದದಿಂದ ಹೊರಡುವ ಬಸ್ಸಿಗೂ ಶಾಲೆಯ ಗಂಟೆಗೂ ಹೊಂದಾಣಿಕೆಯಿಲ್ಲ. ಬಸ್ಸನ್ನು ನಂಬಿದರೆ ದಿನವೂ ಪ್ರಾರ್ಥನೆ ಮುಗಿದ ಮೇಲೆ ತಲುಪಬೇಕು, ಹಾಗೆ ತಲುಪುವ ಟೀಚರನ್ನು ಯಾವ ಶಾಲೆಯೂ ಇಟ್ಟುಕೊಳ್ಳುವುದಿಲ್ಲ. ಸ್ಕೂಟಿ ಕಲಿಯುತ್ತೇನೆಂದರೆ ತಾಯಿ ಕಮಲಾ ಹೆದರುತ್ತಾಳೆ, ಕುರಿ-ಹೊಲದ ಮನೆತನದ ಮಾವನವರು ಸೊಸೆ ಸ್ಕೂಟಿ ಹತ್ತುವುದನ್ನು ಒಪ್ಪುವವರಲ್ಲ. ಒಂದು ದಿನ ಅವಳ ಸ್ಟೇಟಸ್ಸಿನಲ್ಲಿ ಖಾಲಿ ಮೈದಾನ, ಹಳೆಯ ಸ್ಕೂಟಿ ಮತ್ತು ಅದರ ಹಿಂದೆ ಏದುಸಿರು ಬಿಡುತ್ತ ಓಡುತ್ತಿರುವ ಅವಳ ಗಂಡ. ಇನ್ನೊಂದು ದಿನ ತರಚಿದ ಮೊಣಕೈ: “ಇವತ್ತು ಬಿದ್ದೆ. ನಾಳಿ ಮತ್ತ ಹತ್ತತೀನಿ.” ಮತ್ತೊಂದು ದಿನ ಯಾರೂ ಹಿಂದೆ ಓಡದ ಸ್ಕೂಟಿ, ಮೇಲೆ ಅವಳು, ಮುಖದ ತುಂಬ ನಗು.

ನನ್ನ ಹೆಮ್ಮೆಗೆ ಪಾರವಿರಲಿಲ್ಲ. ಊರೆಲ್ಲ ನೋಡುವಂತೆ ಇಷ್ಟು ಧೈರ್ಯದಿಂದ ಹಾಕಿದ್ದಾಳಲ್ಲ, ಇದು ನನ್ನ ಶಿಬಿರದ ಫಲವೆಂದುಕೊಂಡೆ. ಒಂದು ‘ಭಲೇ’ ಬರೆಯಲು ಬೆರಳು ತುರಿಸಿತು. ಬರೆದರೆ ನಾನು ಸ್ಟೇಟಸ್ ನೋಡುತ್ತೇನೆಂಬುದು ಪಲ್ಲವಿಗೆ ತಿಳಿಯುತ್ತದೆ, ಅವಳಿಂದ ಕಮಲಾಳಿಗೆ ತಿಳಿಯುತ್ತದೆ, ಕಮಲಾಳಿಗೆ ತಿಳಿದರೆ ಹಿಂದಿನ ಗ್ರಹಶಾಂತಿಗಳೆಲ್ಲ ಎದ್ದು ಬರುತ್ತವೆ. ಆದ್ದರಿಂದ ಕ್ರಾಂತಿಯನ್ನು ಮೌನವಾಗಿ ಬೆಂಬಲಿಸಿದೆ.

ಆಮೇಲೆ ಕಮಲಾ ಬಟ್ಟೆ ಒಗೆಯುವ ಮಷೀನು ಕೊಂಡಳು. ಅದರ ಪೂಜೆಗೆ ಸ್ಟೇಟಸ್ಸಿನ ಜೊತೆಗೆ, ನನ್ನ ಮೇಲೆ ಭರವಸೆಯಿಲ್ಲದೆ, ನೇರವಾಗಿ ನನ್ನ ಗಂಡನಿಗೇ ಫೋನ್ ಮಾಡಿದಳು. ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಭಾಲ್ಕಿಗೆ ಹೋದೆವು. ಮಷೀನಿನ ನೆತ್ತಿಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ನೀರು ಹೋಗುವ ಪೈಪಿಗೆ ಅರಿಶಿನ. ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಈ ಮನೆಯ ಬಟ್ಟೆ ಒಗೆದ ಹೆಣ್ಣಿಗೆ ಯಾರಾದರೂ ಒಮ್ಮೆಯಾದರೂ ಆರತಿ ಎತ್ತಿದ್ದರೇ, ಎಂದು ಕೇಳಿದೆ.

“ನನಗೂ ಕುಂಕುಮ ಹಚ್ಚ್ಯಾದಲ್ರಿ ವೈನಿ,” ಎಂದಳು ಕಮಲಾ, ಅತ್ತಿಗೆಯಾದ ನನಗೆ. “ನಾನೇ ಹಚ್ಚಕೊಂಡೀನಿ.”

ಔರಾದದಿಂದ ಪಲ್ಲವಿಯೂ ಅವಳ ಅತ್ತೆ ಗಂಗಾಬಾಯಿಯೂ ಬಂದಿದ್ದರು. ಗಂಗಾಬಾಯಿ ಕಡಿಮೆ ಮಾತಿನ, ಅಗಲ ಹಣೆಯ ಹೆಂಗಸು. ತಟ್ಟೆಯಲ್ಲಿರುವುದನ್ನೂ ಎದುರಿಗಿರುವವರನ್ನೂ ಒಂದೇ ನಿಧಾನದಿಂದ ನೋಡುತ್ತಾರೆ. ಊಟಕ್ಕೆ ಕುಳಿತಾಗ ಮಾತು ಸಂತಪುರದ ಕೆಲಸಕ್ಕೆ ಬಂತು.

“ಬಸ್ಸೇ ಹೊಂದಂಗಿಲ್ಲಂದ್ರ ಕೆಲಸ ಯಾಕ ಬೇಕು? ಬಿಟ್ಟಬಿಡು,” ಎಂದಳು ಕಮಲಾ ಮಗಳಿಗೆ ತುಪ್ಪ ಬಡಿಸುತ್ತ.

ಪಲ್ಲವಿ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಒಂದು ಹೆಣ್ಣಿನ ಆರ್ಥಿಕ ಸ್ವಾತಂತ್ರ್ಯ ತುಪ್ಪದ ಜೊತೆ ಕರಗಿಹೋಗುವುದನ್ನು ನೋಡುತ್ತ ಕುಳಿತಿರುವುದು ನನ್ನಿಂದಾಗಲಿಲ್ಲ. “ಬಸ್ಸಿನ ದಾರಿ ಕಾಯೂ ಹುಡುಗಿ ಅಲ್ಲ ನಮ್ಮ ಪಲ್ಲವಿ,” ಎಂದೆ. “ಸ್ಕೂಟಿ ಕಲಿತಾಳ. ಬಿದ್ದಾಳ, ಮತ್ತ ಎದ್ದು ಹತ್ಯಾಳ. ಅಷ್ಟೂ ಸ್ಟೇಟಸ್ಸಿನಾಗ ಊರಿಗೆಲ್ಲ ತೋರಿಸ್ಯಾಳ. ನೀವು ನೋಡಿಯೂ ಒಂದು ಮಾತು ಆಡಲಿಲ್ಲಲ್ಲ, ಅದು ಸರಿಯಲ್ಲ.”

ಹೊಸ ಮಷೀನು ಒಳಗೆ ಎಲ್ಲೋ ನೀರು ಚೆಲ್ಲಿಕೊಂಡಿತು.

“ಯಾವ ಸ್ಟೇಟಸ್?” ಎಂದಳು ಕಮಲಾ. “ಅಕಿದು ಒಂದೂ ಬಿಡದಂಗ ನೋಡ್ತೇನಿ ನಾ. ಸ್ಕೂಟಿ ಎಲ್ಲಿತ್ತರಿ?”

ಪಲ್ಲವಿ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ಅದೇ ಕಷ್ಟ. “ಮಾಮಿ, ಅದು ನಿಮಗ ಒಬ್ಬರಿಗೇ ಕಾಣೂ ಹಂಗ ಹಾಕಿದ್ದೆರಿ,” ಎಂದಳು. “ನೀವೇ ಕಲಿಸಿದ್ದಿರಲ್ಲ. ಲೈಸನ್ಸ್ ಕೈಗೆ ಬಂದ ಮ್ಯಾಲ ಮನ್ಯಾಗ ಹೇಳಬೇಕಂತ ಇದ್ದೆ. ನೀವು ನೋಡ್ತೀರೋ ಇಲ್ಲೋ ಗೊತ್ತಾಗ್ತಿದ್ದಿಲ್ಲ. ನೋಡಿದ್ರ ಖುಷಿ ಪಡ್ತೀರಿ ಅಂತ ಹಾಕ್ತಿದ್ದೆ.”

ಮೂರನೆಯ ಪಾಠ. ಜಿಲ್ಲೆಯ ಮೂರು ಊರುಗಳಲ್ಲಿ ನಾನು ಗಂಟಲು ಹರಿದುಕೊಂಡು ಕಲಿಸಿದ್ದನ್ನು ಒಬ್ಬಳು ಸರಿಯಾಗಿ ಕಲಿತಿದ್ದಳು. ಅವಳು ನಂಬಿ ತೋರಿಸಿದ ಒಂದೇ ಒಂದು ಗುಟ್ಟನ್ನು ನಾನು ತುಂಬಿದ ಪಂಕ್ತಿಯಲ್ಲಿ ಬಡಿಸಿದ್ದೆ. ಇಷ್ಟರ ನಡುವೆಯೂ ಕಮಲಾಳ ಮನಸ್ಸು ಬೇರೊಂದು ದಾರಿ ಹಿಡಿದಿತ್ತು. “ಅಂದ್ರ ವೈನಿ, ನೀವು ಸ್ಟೇಟಸ್ ನೋಡ್ತೀರಿ,” ಎಂದಳು ನಿಧಾನವಾಗಿ. “ನಮ್ಮ ಗೃಹಶಾಂತಿದೂ ನೋಡಿದ್ರಿ. ಇನ್ವರ್ಟರ್‌ದೂ ನೋಡಿದ್ರಿ.” ನನ್ನ ಗಂಡ ಅತ್ಯಂತ ಆಸಕ್ತಿಯಿಂದ ಉಪ್ಪಿನಕಾಯಿ ನೋಡತೊಡಗಿದರು.

ಕೊನೆಗೆ ಗಂಗಾಬಾಯಿ ಕೈ ತೊಳೆದು ಬಂದು ಕುಳಿತರು. “ಮೇಡಂ,” ಎಂದರು, “ನನ್ನ ಮಗಾ ಸ್ಕೂಟಿ ಹಿಂದ ಓಡೂದು ನಮ್ಮ ಓಣಿಯೆಲ್ಲಾ ನೋಡ್ಯಾದ್ರಿ. ನಾನೂ ನೋಡೀನಿ. ಮೊಣಕೈಗೆ ಅರಿಶಿಣ ಹಚ್ಚಿದಾಕಿ ನಾನೇ. ಹ್ಯಾಂಗ ಬಿದ್ದಿ ಅಂತ ಕೇಳಲಿಲ್ಲ, ಅಕಿ ಹೇಳಲಿಲ್ಲ. ನೋಡಿಲ್ಲ ಅಂತ ನಾ ಕುಂತಿದ್ದಕ್ಕ ಎಲ್ಲಾ ಬರೋಬರ್ ನಡದಿತ್ತು. ಈಗ ನೀವು ನಾಕ ಮಂದ್ಯಾಗ ಆಡಿದ್ರಿ. ಇನ್ನ ನಾ ಹ್ಯಾಂಗ ನೋಡಿಲ್ಲ ಅನ್ಲಿ? ನಮ್ಮ ಮಾಲಕರಿಗೆ ಹೇಳಬೇಕಾತು. ಅವರು ಸಿಟ್ಟಾಗಬೇಕಾತು. ಖಾಲಿ ಪೀಲಿ ಎಲ್ಲರಿಗೂ ಕೆಲಸ ಹಚ್ಚಿದ್ರಿ ನೋಡ್ರಿ.”

ಅತ್ತೆಯ ಮೌನವೂ ಯಜಮಾನಿಕೆಯ ಒಂದು ರೂಪವೇ, ಸೊಸೆಯ ಸ್ವಾತಂತ್ರ್ಯ ಅತ್ತೆಯ ಕೃಪೆಯಾಗಬಾರದು ಎಂದು ಹೇಳಬಹುದಿತ್ತು. ಅದು ಸತ್ಯವೂ ಹೌದು. ಇಂದಿಗೂ ನನ್ನ ಅಭಿಪ್ರಾಯ ಅದೇ. ಆದರೆ ಆ ಹೊತ್ತಿನಲ್ಲಿ ನನ್ನ ಬಾಯಿ ಹೇಳುವ ಯಾವ ಸತ್ಯವೂ ಪಲ್ಲವಿಗೆ ಒಳ್ಳೆಯದು ಮಾಡುವಂತೆ ತೋರಲಿಲ್ಲ.

ಮಾಲಕರು, ಅಂದರೆ ಮಾವನವರು, ಸಿಟ್ಟಾದರು. ಸಿಟ್ಟು ಇಳಿಯುವ ಹೊತ್ತಿಗೆ ಶಾಲೆ ಶುರುವಾಗುವ ದಿನ ಹತ್ತಿರ ಬಂದಿತ್ತು. ಕೆಲಸ ಉಳಿಯಿತು, ಸ್ಕೂಟಿಯೂ ಉಳಿಯಿತು, ಕರಾರಿನ ಮೇಲೆ. ಪಲ್ಲವಿ ಲೈಸನ್ಸ್ ಪಡೆದ ಮೇಲೆ ದಿನವೂ ಮನೆ ಬಿಟ್ಟ ಕೂಡಲೇ ಮೊಬೈಲಿನಲ್ಲಿ ತಾನಿರುವ ಜಾಗ ಕಾಣುವಂತೆ ಲೈವ್ ಲೊಕೇಶನ್ ಹಾಕಬೇಕು. ಅದು ತಾಯಿಗೆ, ಅತ್ತೆಗೆ, ಮಾವನವರಿಗೆ ಮತ್ತು, ಗಂಗಾಬಾಯಿಯ ವಿಶೇಷ ಸೂಚನೆಯಂತೆ, “ಮೇಡಂ ಅವರಿಗೂ” ಹೋಗಬೇಕು. ಕಮಲಾ ತನ್ನ ಕಡೆಯಿಂದ ಒಂದು ಷರತ್ತು ಸೇರಿಸಿದಳು: ವೈನಿ ನೀಲಿ ಗುರುತು ಹಚ್ಚಬೇಕು. ಕದ್ದು ನೋಡುತ್ತಿದ್ದುದನ್ನು ಕಾಣುವಂತೆ ನೋಡಲಿ. ಯಾವ ಕಣ್ಗಾವಲಿನ ವಿರುದ್ಧ ನಾನು ಶಿಬಿರ ನಡೆಸುತ್ತಿದ್ದೆನೋ ಅದೇ ಒಬ್ಬ ಹೆಣ್ಣುಮಗಳ ಕೊರಳಿಗೆ ಬಿದ್ದಿತ್ತು, ನನ್ನದೇ ಕೈಯ ಗಂಟಿನಿಂದ. ಕ್ಷಮೆ ಕೇಳಿದೆ. ಪಲ್ಲವಿ, “ಇರಲಿ ಬಿಡ್ರಿ ಮಾಮಿ, ಸ್ಕೂಟಿ ಉಳೀತಲ್ಲ,” ಎಂದಳು. ಅಂದಿನಿಂದ ನನಗೊಬ್ಬಳಿಗೇ ಎಂದು ಅವಳು ಏನನ್ನೂ ತೋರಿಸಿಲ್ಲ.

ಈಗ ಮುಂಜಾನೆ ಚಹಾ ಲೋಟ ಹಿಡಿದು ಕುಳಿತರೆ ಮೊಬೈಲಿನ ನಕ್ಷೆಯಲ್ಲಿ ಔರಾದದಿಂದ ಒಂದು ಚುಕ್ಕಿ ಹೊರಡುತ್ತದೆ. ಇದು ಕಣ್ಗಾವಲಲ್ಲ, ಒಗ್ಗಟ್ಟಿನ ಸೂಚನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಚುಕ್ಕಿ ಊರು ದಾಟುತ್ತದೆ, ತೊಗರಿ ಹೊಲಗಳ ನಡುವೆ ಸರಿಯುತ್ತದೆ, ಸಂತಪುರ ಇನ್ನೂ ದೂರವಿರುವಾಗಲೇ ಒಂದು ಜಾಗದಲ್ಲಿ ನಿಲ್ಲುತ್ತದೆ. ಅಲ್ಲಿ ಶಾಲೆಯಿಲ್ಲ, ಮನೆಯಿಲ್ಲ, ಅಂಗಡಿಯೂ ಇಲ್ಲ. ದಿನವೂ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಹೊರಟು ಗಂಟೆ ಬಾರಿಸುವ ಮೊದಲೇ ಶಾಲೆ ತಲುಪುತ್ತದೆ. ತಾಯಿ, ಅತ್ತೆ, ಹೆಡ್‌ಮಾಸ್ತರು ಯಾರೂ ಇಲ್ಲದ ಆ ತುಂಡು ದಾರಿಯಲ್ಲಿ ಅವಳು ಏನು ಮಾಡುತ್ತಾಳೆಂದು ನಾನು ಕೇಳಿಲ್ಲ. ಗಂಗಾಬಾಯಿಯೂ ಕೇಳಿಲ್ಲ. ಬಹುಶಃ ಏನೂ ಮಾಡುವುದಿಲ್ಲ. ನನ್ನ ಮೂರು ಪಾಠಗಳಲ್ಲಿ ಇಲ್ಲದ್ದನ್ನು ಆ ಹುಡುಗಿ ತಾನೇ ಕಂಡುಕೊಂಡಿದ್ದಾಳೆ. ಈ ಸಲ ನನ್ನ ಬಾಯಿಯಿಂದ ಒಂದು ಅಕ್ಷರವೂ ಹೊರಬೀಳಬಾರದೆಂದು ನಿಶ್ಚಯಿಸಿದೆ.

ಮೊನ್ನೆ ಕಮಲಾ ಫೋನ್ ಮಾಡಿದಳು. “ವೈನಿ, ಇವತ್ತ ಪಲ್ಲವಿ ಚುಕ್ಕಿ ನಡುವ ದಾರ್ಯಾಗ ನಿಂತಂಗ ಕಾಣ್ತು. ಏನರ ಪರೇಶಾನಿ ಆಗ್ಯಾದೇನೋ.”

ಬದುಕಿನುದ್ದಕ್ಕೂ ಸತ್ಯದ ಪರ ನಿಂತ ನಾನು ಸಲೀಸಾಗಿ ಹೇಳಿದೆ: “ಏನೂ ಇಲ್ಲ ಕಮಲಾ. ಅಲ್ಲಿ ಸಿಗ್ನಲ್ ಸಿಗೂದಿಲ್ಲ, ಅದಕ್ಕ ನಿಂತಂಗ ಕಾಣ್ತದ. ದಿನಾ ಅಲ್ಲೇ ಹಂಗ ಆಗ್ತದ, ಆಮ್ಯಾಲ ಚಾಲೂ ಆಗ್ತದ.”

“ಹೌದೇನ್ರಿ,” ಎಂದಳು. “ನಾ ಇವತ್ತೇ ನೋಡಿದ್ದು. ನೀವು ದಿನಾ ನೋಡ್ತೀರೇನು?”