ಬನಹಟ್ಟಿಯ ಹನ್ನೊಂದು ಹಲ್ಲು

ಪಾರಿಸಪ್ಪ ಮಾಸ್ತರರು ತಮ್ಮ ಹನ್ನೊಂದು ಹಲ್ಲುಗಳನ್ನು ತೊಳೆದು, ಹೆಂಡತಿಯ ಮೊರದಲ್ಲಿ ಹರವಿ, ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟದ್ದೇ ಎಲ್ಲದಕ್ಕೂ ಮೂಲವಾಯಿತು. ಹಲ್ಲುಗಳು ಅವರ ಬಾಯಿಯವಲ್ಲ. ಲಕ್ಷಾಂತರ ವರ್ಷಗಳ ಹಿಂದೆ ಸತ್ತ ಶಾರ್ಕ್ ಮೀನುಗಳವು, ನೆಲದಲ್ಲಿ ಹೂತು ಕಲ್ಲಾದವು. ಭಾವನಗರದಲ್ಲಿ ಹತ್ತಿ ವ್ಯಾಪಾರಿಯ ಗುಮಾಸ್ತನಾಗಿದ್ದ ಸೋದರಮಾವನ ಮಗ ವರ್ಷಕ್ಕೊಂದರಂತೆ ಕಳಿಸಿದ್ದ.

ಮಾಸ್ತರರು ಹದಿನಾರು ವರ್ಷದಿಂದ ಭೂಗೋಳ ಕಲಿಸುತ್ತಿದ್ದರು. ಹಿಂದೂಸ್ತಾನಕ್ಕೆ ಮೂರು ಕಡೆ ಸಮುದ್ರವಿದೆ ಎಂದು ಅಷ್ಟು ವರ್ಷ ಹೇಳಿದ ಮನುಷ್ಯ ಒಂದು ಕಡೆಯದನ್ನೂ ನೋಡಿರಲಿಲ್ಲ. ಅವರು ಕಂಡ ದೊಡ್ಡ ನೀರೆಂದರೆ ಹಿಪ್ಪರಗಿ ಹತ್ತಿರದ ಕೃಷ್ಣೆ. ಬೇಸಿಗೆ ಬಂದರೆ ಅದರಲ್ಲೂ ಎಮ್ಮೆಗಳು ಮೊಣಕಾಲುಮಟ್ಟ ನಿಂತಿರುತ್ತಿದ್ದವು. ಹೀಗಾಗಿ ಸಂಜೆ ಒಂದೊಂದೇ ಹಲ್ಲನ್ನು ಕೈಗೆತ್ತಿಕೊಂಡು ನೋಡುವುದೇ ಅವರ ಸಮುದ್ರಯಾನ. ಮೊನೆ ಮುರಿದಿದೆಯೋ ಸವೆದಿದೆಯೋ, ಬೇರಿನ ಎರಡೂ ಕಾಲು ಉಳಿದಿವೆಯೋ, ಅಂಚಿನ ಗರಗಸ ಉಗುರಿಗೆ ಇನ್ನೂ ಹಿಡಿಯುತ್ತದೆಯೋ ಎಂದು ನೋಡಿ ನೋಡಿ ಅವನ್ನು ಮೂರು ದರ್ಜೆ ಮಾಡಿಟ್ಟಿದ್ದರು.

ಆ ಮಧ್ಯಾಹ್ನ ಪುಣೆಯ ಪ್ರೊಫೆಸರರೊಬ್ಬರು ಜಮಖಂಡಿಯಿಂದ ಸಂಸ್ಥಾನದ ಮೋಟಾರಿನಲ್ಲಿ ಬರುವವರಿದ್ದರು. ಭಾವನಗರದ ಕಡೆಯ ಕಾಠೇವಾಡದ ಸಮುದ್ರದಂಡೆಯಲ್ಲಿ ಎರಡು ತಿಂಗಳು ಇಂಥವೇ ಹಲ್ಲುಗಳನ್ನು ಆರಿಸಿ ಬೇರ್ಪಡಿಸಲು ಅವರಿಗೊಬ್ಬ ಬೇಕಾಗಿದ್ದ. ಭಾವನಗರದ ನೆಂಟನ ಶಿಫಾರಸಿನ ಮೇಲೆ, ಕಣ್ಣು ಸೂಕ್ಷ್ಮವಿದ್ದರೆ ಮಾಸ್ತರರನ್ನೇ ಕರೆದೊಯ್ಯುವುದಾಗಿ ಕಾರ್ಡು ಬರೆದಿದ್ದರು. ಓದಿ ಓದಿ ಆ ಕಾರ್ಡಿನ ಮೂಲೆಗಳು ಮುದಿ ಎಮ್ಮೆಯ ಕಿವಿಯಂತೆ ಜೋತಿದ್ದವು.

ಆದರೆ ಊರಿಗೆ ದಿಗಂಬರ ಮುನಿಗಳೂ ಬಂದಿದ್ದರು. ಮರುದಿನ ಬೆಳಿಗ್ಗೆ ಅವರ ಆಹಾರಕ್ಕಾಗಿ ಮಾಸ್ತರರ ಹೆಂಡತಿ ಪದ್ಮವ್ವ ಮೊದಲ ಸಲ ಕಲಶ ಹಿಡಿದು ಬಾಗಿಲಲ್ಲಿ ನಿಲ್ಲುವವಳಿದ್ದಳು. ಮದುವೆಯಾದಾಗಿನಿಂದ ಆಕೆ ಕಾದದ್ದು ಅದೊಂದಕ್ಕೇ. ಬಾವಿಯ ನೀರು ಸೋಸಿ, ಹಿಟ್ಟು ತಾನೇ ಬೀಸಿ, ಅಡಿಗೆಮನೆಗೆ ಗಂಡನ ನೆರಳನ್ನೂ ಬಿಡದೆ ಇದ್ದಳು.

ಎದುರುಮನೆಯ ರಾವಸಾಹೇಬರು ಬಸದಿಯ ಪಂಚರು. ಮೊರ ಕಂಡದ್ದೇ ದಾಟಿ ಬಂದರು. ಆಹಾರದ ಹೊತ್ತಿಗೆ ಎಲುಬು ಕಣ್ಣಿಗೆ ಬಿದ್ದರೆ ಮುನಿಗಳು ತುತ್ತು ಬಿಟ್ಟು ಏಳುತ್ತಾರೆ, ಮತ್ತೆ ಆ ದಿನ ಉಪವಾಸವೇ. ಇದು ಓಣಿಗೆಲ್ಲ ಗೊತ್ತಿದ್ದ ಮಾತು.

"ಮಾಸ್ತರ, ಏನಿವು?"

ಮಾಸ್ತರರು ಉತ್ಸಾಹದಿಂದ ಬಾಯಿ ತೆರೆದರು. ಹೊಸ್ತಿಲಲ್ಲಿ ಹೆಂಡತಿ ನಿಂತದ್ದು ಕಂಡಿತು. "ಕಲ್ಲರಿ," ಎಂದರು.

"ಎಲಬ ಆಗಿದ್ರ ಈಗ ಹೇಳಿಬಿಡ್ರಿ. ಹೊರಗ ಒಗದ್ರೂ ನಡಿಯಂಗಿಲ್ಲ. ನಾಳಿ ಈ ಮನ್ಯಾಗ ಅಡಗಿ ಆಗೂದಿಲ್ಲ."

ಮಾಸ್ತರರು, ಹೊಳೆಯಲ್ಲಿ ಸಿಕ್ಕ ಹರಳು, ನೀರಲ್ಲಿ ಉರುಳಿ ಹೀಗಾಗಿವೆ ಎಂದರು. ಅಂಗೈ ಅಗಲದ, ಎಲ್ಲಕ್ಕಿಂತ ಚೆಂದದ ಹಲ್ಲನ್ನೆತ್ತಿ, ಇದೂ ಸುಮ್ಮನೆ ಒಡೆದ ಚೂರು ಎಂದರು. ಬೀಗರ ಮುಂದೆ ಸ್ವಂತ ಮಗಳನ್ನು ಮೆಳ್ಳಗಣ್ಣಿನವಳೆಂದಷ್ಟು ಸಂಕಟವಾಯಿತು.

ರಾವಸಾಹೇಬರು ನ್ಯಾಯವಂತರು, ಅಂದರೆ ಯಾರನ್ನೂ ನಂಬದವರು. ಬೀದಿಯಲ್ಲಿ ಹೊರಟಿದ್ದ ಗಿರಮಲ್ಲಪ್ಪನನ್ನು ಕೂಗಿದರು. ಅವನು ಎತ್ತಿನ ದಲಾಲ. ತುಟಿ ಎತ್ತಿ ಹಲ್ಲು ನೋಡಿದರೆ ಎತ್ತಿನ ವಯಸ್ಸನ್ನೂ ಮಾಲಕನ ಸುಳ್ಳನ್ನೂ ಒಟ್ಟಿಗೆ ಹೇಳುತ್ತಿದ್ದ. ಗಿರಮಲ್ಲಪ್ಪ ಕುಕ್ಕರಗಾಲಲ್ಲಿ ಕೂತು ಮೊರ ಎಳೆದುಕೊಂಡ. ಹಿಂದೆ ಮೋಟಾರು ಬಂದು ನಿಂತದ್ದನ್ನು ಯಾರೂ ಗಮನಿಸಲಿಲ್ಲ.

"ಖರೆ ಹಲ್ಲರಿ ಇವು," ಎಂದ. "ಹರಳಿಗೆ ಬೇರ ಇರತೈತೇನ್ರಿ? ಎರಡೂ ಕಾಲ ಗಟ್ಟಿ ಅದಾವ ನೋಡ್ರಿ. ಅಂಚಿಗೆ ಉಗರ ಹಚ್ರಿ, ಹಿಡೀತೈತಿ. ಹರೇದಾಗ ಉದರಿದ್ದಿದು. ಇದರ ಮೊನಿ ಮುರದೈತಿ, ಆದ್ರ ಮುರದಲ್ಲೆ ನುಣಪ ಐತಿ. ಅಂದ್ರ ಜೀವ ಇದ್ದಾಗ ಏನೋ ಗಟ್ಟೀದು ಕಡದು ಮುರಕೊಂಡು, ಮುಂದ ಅದರಲ್ಲೇ ಉಂಡೈತಿ." ಅಂಗೈ ಅಗಲದ್ದನ್ನು ಎತ್ತಿ ಬಿಸಿಲಿಗೆ ಹಿಡಿದ. "ಇದಕ್ಕ ಯಾರೋ ಅರಗ ತುಂಬಿ ಬಣ್ಣ ಹಚ್ಯಾರ. ಇಂಥ ಎತ್ತ ಮುಧೋಳ ಸಂತ್ಯಾಗ ಬಾಳ ನೋಡೇನಿ."

ಮಾಸ್ತರರು ಅದನ್ನು ಏಳು ವರ್ಷದಿಂದ ಮೊದಲನೆಯ ದರ್ಜೆಯಲ್ಲಿ ಇಟ್ಟಿದ್ದರು.

ಮೋಟಾರಿನ ಪಕ್ಕದಿಂದ ಚಪ್ಪಾಳೆ ಕೇಳಿತು. ಪ್ರೊಫೆಸರರು ಬಂದು ಮೊರದ ಮುಂದೆ ಕೂತು, ಇವು ಹಲ್ಲಾಗಿದ್ದವು ನಿಜ, ಈಗ ಪೂರಾ ಕಲ್ಲು, ಎಲುಬಿನ ಅಂಶ ಏನೂ ಉಳಿದಿಲ್ಲ ಎಂದು ತಿಳಿಸಿ ಹೇಳಿದರು. ರಾವಸಾಹೇಬರು ಬಹಳ ಹೊತ್ತು ಯೋಚಿಸಿ, ಹಾಗಾದರೆ ಹೊಳೆಯ ಹರಳೆಂದು ಮಾಸ್ತರ ಹೇಳಿದ್ದೇ ಖರೆ, ಸುಳ್ಳು ಹೇಳುವ ಮನೆತನವೇ ಅಲ್ಲ ಅದು ಎಂದು ತೀರ್ಪು ಕೊಟ್ಟರು. ಪದ್ಮವ್ವ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಪ್ರೊಫೆಸರರು ತಮ್ಮ ಮರಾಠಿ ಧಾಟಿಯ ಕನ್ನಡದಲ್ಲಿ ಮೆಲ್ಲಗೆ ಕೇಳಿದರು: "ಇವು ಹಲ್ಲು ಅಂತ ನಿಮಗ ಖರೇನ ಗೊತ್ತಿರಲಿಲ್ಲೇನು, ಮಾಸ್ತರ?"

ಪಕ್ಕದಲ್ಲಿ ರಾವಸಾಹೇಬರು ನಿಂತಿದ್ದರು. ಒಳಗೆ ಬೀಸುವ ಕಲ್ಲು ಮತ್ತೆ ಶುರುವಾಗಿತ್ತು. ಮಾಸ್ತರರು ಅದನ್ನು ಒಂದು ಗಳಿಗೆ ಕೇಳಿದರು.

"ಇಲ್ರಿ."

ನೆಂಟರ ಶಿಫಾರಸು ಯಾವಾಗಲೂ ಹೀಗೇ ಎಂಬಂತೆ ಪ್ರೊಫೆಸರರು ತಲೆಯಾಡಿಸಿದರು. ಕಾಠೇವಾಡಕ್ಕೆ ಗಿರಮಲ್ಲಪ್ಪನನ್ನು ಗೊತ್ತುಮಾಡಿದರು. ಹೊಳೆಯ ಹರಳೆಂದ ಮೇಲೆ ಮಾಸ್ತರರಿಗೆ ಇವುಗಳಿಂದ ಏನು ಉಪಯೋಗ ಎಂದು ಹತ್ತು ಹಲ್ಲುಗಳನ್ನು ರುಮಾಲಿನಲ್ಲಿ ಕಟ್ಟಿಕೊಂಡರು. ಅರಗಿನದನ್ನು ಬಿಟ್ಟುಹೋದರು.

ಸಂಜೆ ಗಿರಮಲ್ಲಪ್ಪ ಬಂದು ಕಟ್ಟೆಯ ಮೇಲೆ ಕೂತ. ಅಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೋ ಇಲ್ಲವೋ ಎಂಬ ಚಿಂತೆ ಅವನಿಗೆ. ನೀರಿನ ಗಾಳಿ ಕಣ್ಣಿಗೆ ಬಡಿದರೆ ಹಲ್ಲು ಕಾಣುವುದಿಲ್ಲ, ಅದಕ್ಕೇ ಎರಡು ತಿಂಗಳೂ ಸಮುದ್ರಕ್ಕೆ ಬೆನ್ನು ಮಾಡಿ ಕೂಡ್ರುವವನೆಂದ.

"ಒಮ್ಮೆರ ತಿರುಗಿ ನೋಡ್ರಿ, ಗಿರಮಲ್ಲಪ್ಪ," ಎಂದರು ಮಾಸ್ತರರು. "ನನ್ನ ಸಲುವಾಗಿ."

"ಏನ ನೋಡ್ಲಿ?"

ಮಾಸ್ತರರು ಅರಗಿನ ಹಲ್ಲನ್ನು ಅಂಗೈಯಲ್ಲಿ ಹೊರಳಿಸಿದರು.

"ಆಚಿ ದಂಡಿ ಕಾಣತೈತೇನ ನೋಡ್ರಿ."

"ಆಚಿ ದಂಡಿ ಇಲ್ಲದ ನೀರ ಎಲ್ಲೈತಿ ಬಿಡ್ರಿ, ಮಾಸ್ತರ," ಎಂದು ಗಿರಮಲ್ಲಪ್ಪ ನಕ್ಕು, ಎತ್ತಿಗೆ ಮೇವು ಹಾಕುವ ಹೊತ್ತಾಯಿತೆಂದು ಎದ್ದುಹೋದ.