ಫೋನಿಗೊಂದು ಚಂಚಿ

ಸೈಕಲ್ ಮೇಲೆ ಊರೂರು ತಿರುಗಿ ಪಂಪ್‌ಸೆಟ್ ಮೋಟರು ರಿಪೇರಿ ಮಾಡುವ ನನ್ನಂಥವನಿಗೆ ನಗೆಪಾಟಲಾಗಲು ಬೇರೆಯವರ ಸಹಾಯ ಬೇಕಿರಲಿಲ್ಲ. ಕೊಟ್ಟೂರಿನ ಮನೆ ಬಿಟ್ಟು ಹೊರಟರೆ ದಿನಕ್ಕೊಂದು ಪ್ರಸಂಗ ತಾನಾಗಿ ಬಂದು ಕ್ಯಾರಿಯರ್ ಮೇಲೆ ಕೂರುತ್ತಿತ್ತು. ಮೊಬೈಲ್ ತಂದ ವರ್ಷವಂತೂ ಎರಡೆರಡು.

ಮೊಬೈಲ್ ತಂದದ್ದು ಶೋಕಿಗಲ್ಲ. ಹೆಂಡತಿ ಚೊಚ್ಚಲ ಹೆರಿಗೆಗೆ ಇಟ್ಟಿಗಿಯ ತವರಿಗೆ ಹೊರಟಿದ್ದಳು. ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಒಂದು ಮೊಬೈಲ್ ತಗೋರಿ. ಹೆರಿಗಿ ಆದ ಕೂಡ್ಲೆ ಫೋನ್ ಮಾಡಸ್ತೀನಿ. ಎತ್ತದಿದ್ರ ನೋಡ್ರಿ, ಕೂಸಿನ ಮಖ ತೋರಸಂಗಿಲ್ಲ" ಎಂದಳು. ಹೇಳಿದ್ದನ್ನು ಮಾಡುವ ಹೆಣ್ಣು ಅದು. ಮರುದಿನವೇ ಕೂಡ್ಲಿಗಿಗೆ ಹೋಗಿ ಹಳೇ ಸೆಟ್ಟೊಂದನ್ನು ತಂದೆ. ತಂದ ಮೇಲೆ ಹೊಳೆದ ಪ್ರಶ್ನೆ: ಸೈಕಲ್ ತುಳಿಯುವವನು ಇದನ್ನು ಇಡುವುದಾದರೂ ಎಲ್ಲಿ?

೧. ಅಂಗಿ ಜೇಬು

ಮೊದಲು ಅಂಗಿ ಜೇಬಿನಲ್ಲೇ ಇಟ್ಟೆ. ರೈತರೊಬ್ಬರ ಹಿತ್ತಲಲ್ಲಿ ಮೋಟರು ಎತ್ತಲು ಬಗ್ಗಿದ್ದೇ ತಡ, ಫೋನು ಜಾರಿ ಪಕ್ಕದಲ್ಲಿದ್ದ ಮುಸುರೆ ಬಕೆಟ್ಟಿಗೆ ಬಿತ್ತು. ಎಮ್ಮೆ ಆಗಷ್ಟೇ ಮೂತಿ ಇಟ್ಟಿತ್ತು. ನಾನು ಮೊಣಕೈವರೆಗೆ ಕೈ ಹಾಕಿ ತಡಕಾಡುತ್ತಿದ್ದರೆ, ಮನೆಯಾಕೆ ಓಡಿಬಂದು ಎಮ್ಮೆಯ ಬೆನ್ನು ಸವರತೊಡಗಿದರು.

"ಅಕ್ಕಾರ, ನನ್ನ ಫೋನ್ ಹೋತಲ್ರಿ!" ಎಂದೆ.

"ನಿನ್ನ ಫೋನಿಗೆ ಬೆಂಕಿ ಬೀಳಲಿ. ಅದರಾಗ ವಿಷದ ಬ್ಯಾಟ್ರಿ ಶೆಲ್ಲು ಇರ್ತಾವಂತ. ನನ್ನ ಎಮ್ಮಿಗೆ ಏನಾರ ಆತು ಅಂದ್ರ, ಸಂಜಿಗೆ ಹಾಲು ನೀನ ಕೊಡಬೇಕಾಗ್ತೈತಿ!"

೨. ಬುತ್ತಿ ಚೀಲ

ಎರಡು ದಿನ ಮಾಳಿಗೆ ಮೇಲೆ ಒಣಗಿ ಫೋನು ಬದುಕಿತು. ಈ ಸಲ ಬುತ್ತಿ ಚೀಲಕ್ಕೆ ಹಾಕಿ, ರಿಪೇರಿಗೆ ಹೋದ ಹೊಲದ ಬೇವಿನ ಮರಕ್ಕೆ ನೇತುಹಾಕಿದೆ. ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಕೂಗಿದಳು: "ಯಣ್ಣಾ, ನಿನ್ನ ಬುತ್ತಿ ಒದರಾಕತ್ತೈತಿ ನೋಡು!"

ಎದ್ದೆನೋ ಬಿದ್ದೆನೋ ಎಂದು ಓಡಿದೆ. ಚೀಲದೊಳಗೆ ಕೆಂಪು ಚಟ್ನಿಯ ಡಬ್ಬಿ ಮುಚ್ಚಳ ಬಿಚ್ಚಿಕೊಂಡು, ಫೋನು ಎಣ್ಣೆ ಖಾರದಲ್ಲಿ ಮಿಂದಿತ್ತು. ನೋಡುವ ವ್ಯವಧಾನ ಯಾರಿಗಿದೆ? ಹಾಗೇ ಕಿವಿಗೆ ಒತ್ತಿಕೊಂಡೆ. ಆ ಕಡೆ ಹೆಂಡತಿ.

"ಅಯ್ಯಯ್ಯೋ, ಕಿವಿ ಉರಿಯಾಕತ್ತೈತಿ, ಸಾಕು ಬಿಡ!" ಎಂದು ಕುಣಿದೆ.

"ನಾನಿನ್ನೂ ಹಲೋ ಅಂದೀನಿ ಅಷ್ಟ!" ಎಂದವಳು ಎರಡು ದಿನ ಫೋನನ್ನೇ ಮಾಡಲಿಲ್ಲ.

೩. ಅಪ್ಪನ ಚಂಚಿ

ನನ್ನ ಪಾಡು ನೋಡಲಾರದೆ ಅವ್ವ ಟ್ರಂಕಿನಿಂದ ತೀರಿಹೋದ ಅಪ್ಪನ ಎಲೆ-ಅಡಿಕೆ ಚಂಚಿ ತೆಗೆದುಕೊಟ್ಟಳು. ಅದರೊಳಗೆ ಐದಾರು ಜೇಬು. ಬಾಯಿಗೆ ಎಳೆದು ಬಿಗಿಯುವ ದಾರ. ಫೋನಿಗೊಂದು, ಟೆಸ್ಟರಿಗೊಂದು, ಟೇಪಿಗೊಂದು, ಮನೆ ಕೀಲಿಗೊಂದು ಜೇಬು. ಹ್ಯಾಂಡಲ್ಲಿಗೆ ಕಟ್ಟಿದರೆ ಅಲುಗಾಡುವುದಿಲ್ಲ. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ ಎಂದು ಹಿಗ್ಗಿದೆ.

ಆದರೆ ನಮ್ಮ ಕಡೆ ಚಂಚಿ ಒಬ್ಬರ ಸೊತ್ತಲ್ಲ. ಯಾರದೇ ಇರಲಿ, ಕಂಡವರು ಕೇಳದೆ ಕೈ ಹಾಕುತ್ತಾರೆ. ಬೇಡ ಎಂದರೆ ಮನುಷ್ಯನೇ ಅಲ್ಲ. ಪಕ್ಕದ ಹಳ್ಳಿಯ ಕಟ್ಟೆಯಲ್ಲಿ ನಾನು ಸೈಕಲ್ ನಿಲ್ಲಿಸುತ್ತಲೇ ಅಪ್ಪನ ಗೆಳೆಯರಾದ ಅಜ್ಜರೊಬ್ಬರು ಚಂಚಿ ಬಿಚ್ಚಿದರು. ಫೋನನ್ನು ಎತ್ತಿ ಹಿಡಿದು, ಹಿಂದೆ ಮುಂದೆ ನೋಡಿ, "ನಿಮ್ಮಪ್ಪನ ಚಂಚ್ಯಾಗ ಎಲಿ ಇಲ್ಲದ ದಿನ ಇರಲಿಲ್ಲಲೇ. ಇದಕ್ಕೇನು ಸುಣ್ಣ ಹಚ್ಚಿ ಅಗೀಲೇನು?" ಎಂದರು.

ಅಪ್ಪನ ಮರ್ಯಾದೆಯ ಪ್ರಶ್ನೆ. ಮರುದಿನದಿಂದ ಫೋನಿನ ಜೊತೆ ಎಲೆ, ಅಡಿಕೆ, ಸುಣ್ಣದ ಡಬ್ಬಿಯೂ ಸವಾರಿ ಹೊರಟವು.

೪. ಕರೆ ಬಂತು

ಒಂದು ಬೆಳಿಗ್ಗೆ ಅದೇ ಕಟ್ಟೆಯ ಎದುರು ಊರಿನ ಕುಡಿಯುವ ನೀರಿನ ಮೋಟರು ಬಿಚ್ಚಿ ಕೂತಿದ್ದೆ. ಎರಡೂ ಕೈ ಗ್ರೀಸು. ಚಂಚಿ ಕಟ್ಟೆಯ ಮೇಲೆ ನಾಲ್ಕು ಅಜ್ಜಂದಿರ ನಡುವೆ ಸುತ್ತುತ್ತಿತ್ತು. ಫೋನು ರಿಂಗಾಯಿತು. ನಾನು ಮೋಟರಿನ ಗುಂಡಿಯಿಂದ ಹತ್ತಿ ಬರುವುದರೊಳಗೆ ಅಪ್ಪನ ಗೆಳೆಯರಾದ ಆ ಅಜ್ಜ, "ಹಾಂ... ಹೌದೇನ್ರಿ?... ಛಲೋ ಆತು, ಇಡ್ರಿ ಹಂಗಾರ" ಎಂದು ಮಾತು ಮುಗಿಸಿ, ಮಡಿಸಿಟ್ಟಿದ್ದ ಎಲೆಯನ್ನು ಬಾಯಿಗೆ ತುರುಕಿಕೊಂಡಿದ್ದರು.

"ಏನಂತ್ರೀ ಯಜ್ಜಾ? ಹೆರಿಗಿ ಆತೇನ್ರಿ? ಆಕಿ ಹೆಂಗದಾಳ್ರಿ?"

ಅಜ್ಜ ಗದ್ದ ಮೇಲೆತ್ತಿ, ಅಂಗೈ ತೋರಿಸಿದರು. ತಡಿ ಎಂದರ್ಥ. ರಸ ಇನ್ನೂ ಬಿಟ್ಟಿರಲಿಲ್ಲ. ಉಳಿದ ಮೂವರ ಕಡೆ ತಿರುಗಿದೆ. ಮೂರೂ ಬಾಯಿ ತುಂಬಿದ್ದವು. ಹಳೇ ಸೆಟ್ಟಿನ ದೊಡ್ಡ ದನಿಯಿಂದ ಇಡೀ ಕಟ್ಟೆಗೆ ಗೊತ್ತಾಗಿದೆ, ನನಗೊಬ್ಬನಿಗೆ ಗೊತ್ತಿಲ್ಲ. ನನ್ನದೇ ಎಲೆ, ನನ್ನದೇ ಅಡಿಕೆ! ಅಜ್ಜ ಅಗಿದದ್ದೇ ಅಗಿದದ್ದು. ನನಗೆ ಅಳು ಬರುವಂತಾಯಿತು. ಕೊನೆಗೆ ಎದ್ದು, ಪಂಚೆ ಸರಿಮಾಡಿಕೊಂಡು, ಮೂಲೆಗೆ ಹೋಗಿ ಉಗುಳಿ, ಬಾಯಿ ಒರೆಸಿಕೊಂಡು ಬಂದರು.

"ಹೆಣ್ಣು ಕೂಸು. ತಾಯಿ ಮಗಳು ಇಬ್ಬರೂ ಆರಾಮ ಅದಾರ."

ಅಲ್ಲೇ ಕಟ್ಟೆಗೆ ಒರಗಿ ಕೂತು ಅತ್ತುಬಿಟ್ಟೆ. ಮೋಟರು ಕೂಡಿಸಿ ನೀರು ಬಿಟ್ಟು ಹೊರಟಾಗ ಅಜ್ಜ ಫೋನನ್ನು ಮಾತ್ರ ನನ್ನ ಕೈಗಿಟ್ಟು, "ಚಂಚಿ ಇಲ್ಲೇ ಇರಲಿ, ಇನ್ನಾ ಅಡಿಕಿ ಐತಿ" ಎಂದರು.

ಇಟ್ಟಿಗಿ ಮುಟ್ಟಿದಾಗ ಸಂಜೆಯಾಗಿತ್ತು. ಹೆಂಡತಿ ನನ್ನನ್ನು ಕಂಡದ್ದೇ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು.

"ಫೋನ್ ಎತ್ತಿದೋರಿಗೆ ಅಷ್ಟ ತೋರಸೂದು. ಹೋಗ್ರಿ, ಆ ಅಜ್ಜಾರ್ನ ಕರ್ಕೊಂಡು ಬರ್ರಿ!"